ಅನ್ನಕ್ಕೆ ತುಪ್ಪ ಹಾಕಿದರೆ ಶುಗರ್ ಏರುವುದಿಲ್ಲವೇ? ಮನೆಯಲ್ಲೇ ಅಳೆದು ನೋಡುವ ಕ್ರಮ

ಬಿಸಿ ಅನ್ನಕ್ಕೆ ಎರಡು ಚಮಚ ತುಪ್ಪ ಹಾಕಿಕೊಂಡು ಉಂಡರೆ ಶುಗರ್ ಏರುವುದಿಲ್ಲ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಇದರಲ್ಲಿ ಅರ್ಧ ನಿಜ ಇದೆ, ಅಪಾಯ ಇರುವುದೂ ಅಲ್ಲೇ. ಜಿಡ್ಡು ಸೇರಿದ ಊಟ ಮಾಡಿ ಒಂದು ಗಂಟೆಗೆ ಬೆರಳು ಚುಚ್ಚಿ ನೋಡಿದರೆ ಅಂಕಿ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. ನಾಲ್ಕನೆಯ ಗಂಟೆಯಲ್ಲಿ ಮತ್ತೆ ಚುಚ್ಚಿ ನೋಡುವವರು ಅಪರೂಪ. ಅನ್ನದಿಂದ ಬರಬೇಕಾದ ಸಕ್ಕರೆ ಎಲ್ಲಿಗೂ ಹೋಗಿರುವುದಿಲ್ಲ; ತಡವಾಗಿ ಬರುತ್ತಿರುತ್ತದೆ, ಅಷ್ಟೆ. ಪಿಷ್ಟ ಎಷ್ಟು ತಿಂದಿರಿ ಎಂಬುದು ಒಟ್ಟು ಏರಿಕೆಯನ್ನು ನಿರ್ಧರಿಸುತ್ತದೆ, ಜಿಡ್ಡು ಮುಖ್ಯವಾಗಿ ಅದರ ಹೊತ್ತನ್ನು ಬದಲಿಸುತ್ತದೆ. ಇದನ್ನು ನಿಮ್ಮ ಮೈಯಲ್ಲೇ, ನಿಮ್ಮ ಅಡುಗೆಯಲ್ಲೇ ಪರೀಕ್ಷಿಸಬಹುದು. ಒಂದು ಗ್ಲುಕೋಮೀಟರ್, ಒಂದು ಅಡುಗೆ ತಕ್ಕಡಿ, ಮೂವತ್ತು ಸ್ಟ್ರಿಪ್ ಸಾಕು.

ಹೊಟ್ಟೆಯೊಳಗೆ ನಡೆಯುವುದು

ಪಿಷ್ಟ ಎಂದರೆ ಒಂದಕ್ಕೊಂದು ಕೂಡಿಕೊಂಡ ಗ್ಲುಕೋಸ್. ಅಕ್ಕಿಯೊಳಗೆ ಅದು ಬಿಗಿಯಾದ ಸಣ್ಣ ಹರಳುಗಳಾಗಿ ಇರುತ್ತದೆ. ನೀರು ಮತ್ತು ಬಿಸಿ ಸೇರಿದಾಗ ಹರಳು ಊದಿ ಒಡೆಯುತ್ತದೆ. ಆಗ ಜೊಲ್ಲಿನಲ್ಲೂ ಮೇದೋಜೀರಕ ಗ್ರಂಥಿಯ ರಸದಲ್ಲೂ ಇರುವ ಅಮೈಲೇಸ್ ಎಂಬ ಕಿಣ್ವಕ್ಕೆ ಅದನ್ನು ಕತ್ತರಿಸುವುದು ಸುಲಭ. ಬಿಳಿ ಅನ್ನ ಚೆನ್ನಾಗಿ ಬೆಂದಿದ್ದರೆ ಅದರ ಗ್ಲುಕೋಸ್ ತಿಂದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ರಕ್ತದಲ್ಲಿ ಕಾಣಿಸುತ್ತದೆ.

ಜಿಡ್ಡು ಪಿಷ್ಟವನ್ನು ಕರಗಿಸುವುದೂ ಇಲ್ಲ, ಸುಡುವುದೂ ಇಲ್ಲ. ಅದು ಸಣ್ಣ ಕರುಳಿಗೆ ಇಳಿದಾಗ ಕರುಳು ಕೆಲವು ಹಾರ್ಮೋನುಗಳನ್ನು ಬಿಡುತ್ತದೆ, ಅವು ಜಠರಕ್ಕೆ ‘ನಿಧಾನ’ ಎಂದು ಸೂಚನೆ ಕೊಡುತ್ತವೆ. ಜಠರದ ಕೆಳಬಾಗಿಲು ಊಟವನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಆದ್ದರಿಂದ ಏರಿಕೆಯ ತುದಿ ತಗ್ಗುತ್ತದೆ, ಬಾಲ ಉದ್ದವಾಗುತ್ತದೆ. ಇನ್ಸುಲಿನ್ ಸರಿಯಾಗಿ ಸ್ರವಿಸುವವರಲ್ಲಿ ಇದು ಒಳ್ಳೆಯದೇ ಆಗಬಹುದು. ಇನ್ಸುಲಿನ್ ಕಡಿಮೆ ಇರುವವರಲ್ಲಿ, ಅಥವಾ ಇದ್ದೂ ಅದು ಕೆಲಸ ಮಾಡದವರಲ್ಲಿ, ಉದ್ದ ಬಾಲವೇ ತೊಂದರೆ. ಜೊತೆಗೆ, ಜಾಸ್ತಿ ಜಿಡ್ಡಿನ ಊಟದ ನಂತರ ರಕ್ತದಲ್ಲಿ ಕೊಬ್ಬಿನ ಆಮ್ಲಗಳು ಹೆಚ್ಚುತ್ತವೆ, ಅವು ಕೆಲವು ಗಂಟೆಗಳ ಕಾಲ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಟೈಪ್ 1 ಡಯಾಬಿಟಿಸ್ ಇರುವವರು ಇದನ್ನು ಚೆನ್ನಾಗಿ ಬಲ್ಲರು: ಅಷ್ಟೇ ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆ ಸೇರಿದ ಅಂಶ) ಇರುವ ಎರಡು ಊಟಗಳಲ್ಲಿ ಜಿಡ್ಡು ಹೆಚ್ಚಿರುವ ಊಟಕ್ಕೆ ಅವರಿಗೆ ಹೆಚ್ಚು ಇನ್ಸುಲಿನ್ ಬೇಕಾಗುತ್ತದೆ.

ಒಂದು ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂದು ಹೇಳುವ ಗ್ಲೈಸೆಮಿಕ್ ಇಂಡೆಕ್ಸ್ ನೋಡಿ ಮೋಸಹೋಗುವುದೂ ಇಲ್ಲಿಯೇ. ಟೊರಾಂಟೋದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಜೊತೆಗಾರರು 1981ರಲ್ಲಿ ಕೊಟ್ಟ ಈ ಅಳತೆಯಲ್ಲಿ, ಆರೋಗ್ಯವಂತರು 50 ಗ್ರಾಂ ಕಾರ್ಬೋಹೈಡ್ರೇಟ್ ಇರುವ ಆಹಾರ ತಿಂದ ಮೇಲೆ ಎರಡು ಗಂಟೆಗಳ ಏರಿಕೆಯನ್ನಷ್ಟೇ ಲೆಕ್ಕ ಹಿಡಿಯುತ್ತಾರೆ. ಎರಡು ಗಂಟೆಯ ಆಚೆಗೆ ತಳ್ಳಿದ್ದೆಲ್ಲ ಲೆಕ್ಕದಿಂದ ಹೊರಗೆ. ಆಲೂಗೆಡ್ಡೆ ಚಿಪ್ಸ್‌ನ ಇಂಡೆಕ್ಸ್ ಬೇಯಿಸಿದ ಆಲೂಗೆಡ್ಡೆಯದಕ್ಕಿಂತ ಕಡಿಮೆ ಬರುವುದಕ್ಕೆ ಅದರ ಎಣ್ಣೆಯೂ ಒಂದು ಕಾರಣ. ಅಷ್ಟಕ್ಕೇ ಚಿಪ್ಸ್ ಒಳ್ಳೆಯದು ಎಂದು ಯಾರೂ ಹೇಳುವುದಿಲ್ಲ.

ತಟ್ಟೆಯ ಪಿಷ್ಟವನ್ನು ಲೆಕ್ಕ ಹಾಕುವುದು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಪಾಲಿಷ್ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಜೋಳದಲ್ಲಿ 68, ರಾಗಿಯಲ್ಲಿ 67, ಗೋಧಿ ಹಿಟ್ಟಿನಲ್ಲಿ 64. ನಾರು ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ, ಉಳಿದ ಮೂರರಲ್ಲಿ 10ರಿಂದ 11 ಗ್ರಾಂ. ರಾಗಿಗೂ ಅಕ್ಕಿಗೂ ಪಿಷ್ಟದಲ್ಲಿ ಇರುವ ಅಂತರ ಜನ ಅಂದುಕೊಂಡಷ್ಟು ದೊಡ್ಡದಲ್ಲ ಎಂಬುದು ಈ ಅಂಕಿಗಳಲ್ಲೇ ಕಾಣುತ್ತದೆ.

80 ಗ್ರಾಂ ಹಿಟ್ಟಿನ ಒಂದು ಮುದ್ದೆ ತೂಗಿದರೆ ಸುಮಾರು 250 ಗ್ರಾಂ ಬರುತ್ತದೆ, ಅದರಲ್ಲಿ 53 ಗ್ರಾಂ ಕಾರ್ಬೋಹೈಡ್ರೇಟ್. ಬೆಂದ ಅನ್ನದಲ್ಲಿ 100 ಗ್ರಾಂಗೆ ಸುಮಾರು 28 ಗ್ರಾಂ ಇರುವುದರಿಂದ, ಆ ಒಂದು ಮುದ್ದೆ 190 ಗ್ರಾಂ ಅನ್ನಕ್ಕೆ ಸಮ. ‘ಶುಗರ್ ಬಂದಿದೆ, ಅನ್ನ ಬಿಟ್ಟು ಎರಡು ಮುದ್ದೆ ಉಣ್ಣುತ್ತಿದ್ದೇನೆ’ ಎನ್ನುವವರ ಅಂಕಿ ಯಾಕೆ ಇಳಿಯುವುದಿಲ್ಲ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ರಾಗಿಯ ನಾರು, ಸುಣ್ಣದ ಅಂಶ ಎಲ್ಲವೂ ಬೇಕಾದದ್ದೇ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಪಿಷ್ಟ ಬೇಗ ಜೀರ್ಣವಾಗುತ್ತದೆ. 30 ಗ್ರಾಂ ಹಿಟ್ಟಿನ ಒಂದು ಚಪಾತಿಗೆ 19 ಗ್ರಾಂ, 60 ಗ್ರಾಂ ಹಿಟ್ಟಿನ ಅಕ್ಕಿ ರೊಟ್ಟಿಗೆ 47 ಗ್ರಾಂ ಎಂದು ಹಿಡಿಯಿರಿ.

ಒಂದೇ ತೂಕದ ಪಿಷ್ಟವೂ ಒಂದೇ ವೇಗದಲ್ಲಿ ಏರಿಸುವುದಿಲ್ಲ. ಇಡೀ ಕಾಳಿಗಿಂತ ನುಚ್ಚು, ನುಚ್ಚಿಗಿಂತ ಹಿಟ್ಟು ಬೇಗ. ಉದುರು ಅನ್ನಕ್ಕಿಂತ ಮಿದುವಾಗಿ ಬೆಂದ ಗಂಜಿ ಬೇಗ. ಕರಾವಳಿಯ ಕುಚ್ಚಲಕ್ಕಿ ಭತ್ತದಲ್ಲಿದ್ದಾಗಲೇ ಬೆಂದು ಒಣಗಿರುವುದರಿಂದ ಅದರ ಪಿಷ್ಟ ಮತ್ತೆ ಬಿಗಿದುಕೊಂಡಿರುತ್ತದೆ, ಸಾಮಾನ್ಯವಾಗಿ ಬೆಳ್ತಿಗೆ ಅಕ್ಕಿಗಿಂತ ನಿಧಾನ. ಮಂಡಕ್ಕಿ, ಅವಲಕ್ಕಿ, ಸಬ್ಬಕ್ಕಿ, ಮೈದಾ ಇವು ಬೇಗ ಏರಿಸುವ ಗುಂಪಿನವು.

ಯಾರು ಈ ಪರೀಕ್ಷೆಯನ್ನು ತಾವಾಗಿಯೇ ಮಾಡಬಾರದು

ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್ ಅಥವಾ ಗ್ಲಿಪಿಜೈಡ್‌ನಂಥ ಮಾತ್ರೆ ನುಂಗುವವರು ವೈದ್ಯರಿಗೆ ಹೇಳದೆ ಅನ್ನದ ಪ್ರಮಾಣ ಬದಲಿಸಬಾರದು. ಶುಗರ್ 70ಕ್ಕಿಂತ ಕೆಳಗೆ ಬೀಳಬಹುದು. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಂಡು ಜಿಡ್ಡಿನ ಊಟ ಮಾಡಿದವರಲ್ಲಿ ಔಷಧ ಮೊದಲು ಕೆಲಸ ಶುರುಮಾಡಿ, ಸಕ್ಕರೆ ಆಮೇಲೆ ಬಂದು, ಮೊದಲ ಎರಡು ಗಂಟೆಯಲ್ಲಿ ಕುಸಿತ, ನಡುರಾತ್ರಿ ಏರಿಕೆ ಎರಡೂ ಆಗುವುದುಂಟು. ಗರ್ಭಿಣಿಯರು, ಡಯಾಬಿಟಿಸ್‌ನಿಂದ ಜಠರದ ಚಲನೆ ಕುಂದಿರುವವರು, ಮೇದೋಜೀರಕ ಗ್ರಂಥಿಯ ಉರಿಯೂತ ಆಗಿದ್ದವರು, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ತುಂಬ ಹೆಚ್ಚಿರುವವರು ಜಿಡ್ಡು ಹೆಚ್ಚಿಸಿ ನೋಡುವ ಪರೀಕ್ಷೆಗೆ ಕೈಹಾಕಬೇಡಿ.

ಯಾರೇ ಆಗಲಿ, ಶುರುಮಾಡುವ ಮುಂಚೆ ಮೆಡಿಕಲ್ ಸ್ಟೋರಿನ ಗ್ಲುಕೋಸ್ ಪುಡಿಯನ್ನು 15 ಗ್ರಾಂ ತೂಗಿ ಎರಡು ಪೊಟ್ಟಣ ಕಟ್ಟಿಡಿ. ಅಂಕಿ 70ಕ್ಕಿಂತ ಕೆಳಗಿಳಿದರೆ ಒಂದನ್ನು ನೀರಿನಲ್ಲಿ ಕದಡಿ ಕುಡಿದು 15 ನಿಮಿಷಕ್ಕೆ ಮತ್ತೆ ಅಳೆಯಿರಿ. ಆಗ ಚಾಕೊಲೇಟ್, ಬರ್ಫಿ, ತುಪ್ಪದ ಲಾಡು ತಿನ್ನುವುದು ತಪ್ಪು, ಅದರ ಜಿಡ್ಡು ಸಕ್ಕರೆಯನ್ನು ತಡಮಾಡುತ್ತದೆ. ಮಾತ್ರೆಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವವರಿಗೆ ಅಡುಗೆಮನೆಯ ಸಕ್ಕರೆಯೂ ಬೇಗ ಕೆಲಸಕ್ಕೆ ಬಾರದು, ಆ ಔಷಧಗಳು ಸಕ್ಕರೆ ಒಡೆಯುವುದನ್ನೇ ತಡೆಯುತ್ತವೆ. ಅವರಿಗೆ ಶುದ್ಧ ಗ್ಲುಕೋಸೇ ಬೇಕು. ಮಾತ್ರೆಯ ಪಟ್ಟಿಯ ಹಿಂಬದಿ ಒಮ್ಮೆ ಓದಿಕೊಳ್ಳಿ, ಈ ಔಷಧ ಬೇರೆ ಮಾತ್ರೆಯ ಜೊತೆ ಕೂಡಿಕೊಂಡು ಬರುವುದು ಸಾಮಾನ್ಯ.

ನಾಲ್ಕು ತಟ್ಟೆಗಳ ಪರೀಕ್ಷೆ

ಬೆಳಗಿನ ತಿಂಡಿಯ ಹೊತ್ತನ್ನೇ ಆರಿಸಿಕೊಳ್ಳಿ. ರಾತ್ರಿಯಿಡೀ ಏನೂ ತಿಂದಿರುವುದಿಲ್ಲವಾದ್ದರಿಂದ ಶುರುವಿನ ಅಂಕಿ ಸ್ಥಿರವಾಗಿರುತ್ತದೆ. ಅನ್ನ ತಿಂಡಿಗೆ ಹೊಸತೇನಲ್ಲ, ಚಿತ್ರಾನ್ನ ತಿನ್ನುವ ನಾಡು ನಮ್ಮದು. ಬೆಳಗ್ಗೆ ದೇಹದ ಇನ್ಸುಲಿನ್ ಪ್ರತಿರೋಧ, ಅಂದರೆ ಇನ್ಸುಲಿನ್ ಇದ್ದೂ ಸರಿಯಾಗಿ ಕೆಲಸ ಮಾಡದ ಸ್ಥಿತಿ, ಅನೇಕರಲ್ಲಿ ಹೆಚ್ಚಿರುತ್ತದೆ. ಹಾಗಾಗಿ ಬೆಳಗಿನ ಅಂಕಿಯನ್ನು ಬೆಳಗಿನದಕ್ಕೇ ಹೋಲಿಸಬೇಕು, ಮಧ್ಯಾಹ್ನದ್ದಕ್ಕಲ್ಲ.

ಮೊದಲ ತಟ್ಟೆ: 180 ಗ್ರಾಂ ಬೆಂದ ಅನ್ನ, ಒಂದು ಲೋಟ ತಿಳಿಸಾರು, ಒಗ್ಗರಣೆ ಇಲ್ಲದೆ. ಇದರಲ್ಲಿ ಸುಮಾರು 50 ಗ್ರಾಂ ಕಾರ್ಬೋಹೈಡ್ರೇಟ್ ಇದೆ.

ಎರಡನೆಯ ತಟ್ಟೆ: ಅದೇ ಅನ್ನ, ಅದೇ ಸಾರು, ಜೊತೆಗೆ 5 ಗ್ರಾಂ ತುಪ್ಪ, ಅಂದರೆ ಮಟ್ಟಸವಾಗಿ ಒಂದು ಟೀ ಚಮಚ.

ಮೂರನೆಯ ತಟ್ಟೆ: ಅದೇ ಅನ್ನ–ಸಾರಿಗೆ 20 ಗ್ರಾಂ ತುಪ್ಪ ಅಥವಾ ನೀವು ನಿತ್ಯ ಬಳಸುವ ಎಣ್ಣೆ.

ನಾಲ್ಕನೆಯ ತಟ್ಟೆ: 120 ಗ್ರಾಂ ಅನ್ನ, 25 ಗ್ರಾಂ ತೊಗರಿಬೇಳೆಯಿಂದ ಮಾಡಿದ ಗಟ್ಟಿ ತೊವ್ವೆ, 150 ಗ್ರಾಂ ಹುರುಳಿಕಾಯಿ ಪಲ್ಯ, ಒಟ್ಟು 5 ಗ್ರಾಂ ಎಣ್ಣೆ. ಪಲ್ಯ ಮತ್ತು ಅರ್ಧ ತೊವ್ವೆಯನ್ನು ಮೊದಲು ತಿಂದು, ಆಮೇಲೆ ಅನ್ನಕ್ಕೆ ಕೈಹಾಕಿ.

ಅಕ್ಕಿ ಒಂದೇ ಚೀಲದ್ದಿರಲಿ, ನೀರಿನ ಅಳತೆ, ಕುಕ್ಕರಿನ ವಿಷಲ್ ಪ್ರತಿ ಸಲವೂ ಅಷ್ಟೇ ಇರಲಿ. ತೂಕ ಮಾಡದೆ ಬಟ್ಟಲಲ್ಲಿ ಅಳೆದರೆ ಒತ್ತಿ ತುಂಬಿದ ಬಟ್ಟಲಿಗೂ ಉದುರಾಗಿ ತುಂಬಿದ ಬಟ್ಟಲಿಗೂ ಸುಲಭವಾಗಿ 40–50 ಗ್ರಾಂ ವ್ಯತ್ಯಾಸ ಬಂದು ಪರೀಕ್ಷೆಯೇ ಕೆಡುತ್ತದೆ. ಒಂದು ದಿನ ಒಂದು ತಟ್ಟೆ ಮಾತ್ರ, ನಡುವೆ ಒಂದು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಹಿಂದಿನ ರಾತ್ರಿಯ ಊಟ ನಾಲ್ಕೂ ಸಲ ಒಂದೇ ಬಗೆಯದ್ದಾಗಿರಲಿ. ಔಷಧ ಎಂದಿನಂತೆ, ಅದೇ ಹೊತ್ತಿಗೆ. ನೆಗಡಿ, ಜ್ವರ, ನಿದ್ದೆಗೆಟ್ಟ ರಾತ್ರಿಯ ಮರುದಿನ ಬೇಡ.

ತಿನ್ನುವ ಮುಂಚೆ ಒಮ್ಮೆ ಅಳೆಯಿರಿ. ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ ಗಡಿಯಾರ ನೋಡಿಕೊಂಡು 1, 2, 3 ಮತ್ತು 4 ಗಂಟೆಗೆ ಅಳೆಯಿರಿ. ತಿಂದು ಮುಗಿಸಿದ ಹೊತ್ತಿನಿಂದಲ್ಲ. 15 ನಿಮಿಷದೊಳಗೆ ತಿಂದು ಮುಗಿಸಿ. ನಾಲ್ಕು ಗಂಟೆಯವರೆಗೆ ನೀರು ಬಿಟ್ಟು ಬೇರೇನೂ ಬೇಡ. ಸಕ್ಕರೆ ಇಲ್ಲದ ಕಾಫಿಯಲ್ಲೂ ಹಾಲಿನ ಲ್ಯಾಕ್ಟೋಸ್ ಇದೆ, ಕೆಫೀನ್ ಬೇರೆ. ಮನೆಯ ಸಣ್ಣಪುಟ್ಟ ಓಡಾಟ ಸರಿ, ವಾಕಿಂಗ್ ಬೇಡ. ತಟ್ಟೆಗೆ ಐದರಂತೆ ಇಪ್ಪತ್ತು ಸ್ಟ್ರಿಪ್ ಆಯಿತು. ಮೊದಲ ಮತ್ತು ಮೂರನೆಯ ತಟ್ಟೆಗಳನ್ನು ಇನ್ನೊಮ್ಮೆ ಮಾಡಿದರೆ ಮೂವತ್ತು. ಈ ಎರಡನೆಯ ಸುತ್ತನ್ನು ಉಳಿತಾಯಕ್ಕೆಂದು ಬಿಡಬೇಡಿ, ಒಂದೇ ಸಲದ ಅಂಕಿ ನಂಬುವಂಥದ್ದಲ್ಲ.

ತೋಳಿಗೆ ಅಂಟಿಸುವ ಸೆನ್ಸರ್ ಹಾಕಿಕೊಂಡಿರುವವರಿಗೆ ಚುಚ್ಚುವ ಕೆಲಸವಿಲ್ಲ, ಆರು ಗಂಟೆಯ ಪೂರ್ತಿ ಗೆರೆ ಸಿಗುತ್ತದೆ. ಅದು ತೋರಿಸುವುದು ಚರ್ಮದಡಿಯ ದ್ರವದ ಸಕ್ಕರೆಯನ್ನು, ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತದೆ.

ಅಂಕಿಗಳನ್ನು ಓದುವುದು

ಪ್ರತಿ ಅಂಕಿಯಿಂದ ತಿನ್ನುವ ಮುಂಚಿನ ಅಂಕಿಯನ್ನು ಕಳೆಯಿರಿ. ಬಂದದ್ದು ಆ ಗಂಟೆಯ ಏರಿಕೆ. ಒಂದು, ಎರಡು, ಮೂರನೆಯ ಗಂಟೆಗಳ ಏರಿಕೆಯನ್ನು ಪೂರ್ತಿಯಾಗಿ, ನಾಲ್ಕನೆಯ ಗಂಟೆಯದ್ದರಲ್ಲಿ ಅರ್ಧವನ್ನು ಕೂಡಿಸಿದರೆ ನಾಲ್ಕು ಗಂಟೆಯ ಒಟ್ಟು ಏರಿಕೆಯ ಅಂದಾಜು ಸಿಗುತ್ತದೆ.

ಲೆಕ್ಕ ತೋರಿಸಲಿಕ್ಕಾಗಿ ಕಲ್ಪಿಸಿಕೊಂಡ ಅಂಕಿಗಳು ಇವು. ಬರೀ ಅನ್ನದ ದಿನ 110ರಿಂದ ಶುರುವಾಗಿ 190, 165, 130, 112. ಏರಿಕೆ 80, 55, 20, 2, ಒಟ್ಟು 156. ಇಪ್ಪತ್ತು ಗ್ರಾಂ ತುಪ್ಪದ ದಿನ 110ರಿಂದ 155, 170, 160, 140. ಏರಿಕೆ 45, 60, 50, 30, ಒಟ್ಟು 170. ಒಂದನೆಯ ಗಂಟೆ ಮಾತ್ರ ನೋಡಿದವರು ತುಪ್ಪವನ್ನು ಹೊಗಳುತ್ತಾರೆ. ಎರಡನೆಯ ಗಂಟೆ ನೋಡಿದವರು ಏನೂ ವ್ಯತ್ಯಾಸವಿಲ್ಲ ಎನ್ನುತ್ತಾರೆ. ನಾಲ್ಕನೆಯದನ್ನು ನೋಡಿದರೆ ಮಾತ್ರ, ಮಧ್ಯಾಹ್ನದ ಊಟಕ್ಕೆ ಕೂರುವ ಹೊತ್ತಿಗೆ ಬೆಳಗಿನ ಸಕ್ಕರೆ ಇನ್ನೂ ಇಳಿದಿಲ್ಲ, ಅದರ ಮೇಲೆ ಇನ್ನೊಂದು ಊಟ ಬೀಳಲಿದೆ ಎಂಬುದು ತಿಳಿಯುತ್ತದೆ. ನಿಮ್ಮ ಗೆರೆ ಇದೇ ರೂಪದಲ್ಲಿ ಬರಬೇಕೆಂದಿಲ್ಲ. ಕೆಲವರಲ್ಲಿ ಜಿಡ್ಡಿನ ದಿನದ ಒಟ್ಟು ಏರಿಕೆ ಸ್ವಲ್ಪ ಕಡಿಮೆಯೂ ಬರಬಹುದು. ಅದಕ್ಕಾಗಿಯೇ ಅಳೆಯುವುದು.

ಗುರಿಯ ವಿಚಾರಕ್ಕೆ ಬಂದರೆ, ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಬಹುತೇಕ ವಯಸ್ಕ ರೋಗಿಗಳಿಗೆ ಊಟಕ್ಕೆ ಮುಂಚೆ 80ರಿಂದ 130, ಊಟ ಶುರುವಾದ ಒಂದರಿಂದ ಎರಡು ಗಂಟೆಯೊಳಗಿನ ತುದಿ 180ಕ್ಕಿಂತ ಕೆಳಗೆ ಎನ್ನುತ್ತದೆ. ವಯಸ್ಸಾದವರಿಗೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ವೈದ್ಯರು ಬೇರೆ ಗುರಿ ಕೊಟ್ಟಿರುತ್ತಾರೆ, ಅದನ್ನೇ ಹಿಡಿಯಿರಿ.

ಅಂಕಿ ತಪ್ಪುವುದು ಯಾಕೆ

ಹಣ್ಣು ಹೆಚ್ಚಿದ ಕೈಯನ್ನು ತೊಳೆಯದೆ ಚುಚ್ಚಿದರೆ ಇಲ್ಲದ ಸಕ್ಕರೆ ಕಾಣಿಸುತ್ತದೆ. ಸೋಪು ಹಾಕಿ ತೊಳೆದು ಪೂರ್ತಿ ಒರೆಸಿಕೊಳ್ಳಿ, ಒದ್ದೆ ಬೆರಳಿನ ನೀರು ರಕ್ತವನ್ನು ತೆಳುಮಾಡಿ ಅಂಕಿ ಇಳಿಸುತ್ತದೆ. ಬೆರಳನ್ನು ಗಟ್ಟಿಯಾಗಿ ಹಿಂಡುವುದೂ ಹಾಗೆಯೇ. ಕೈಯನ್ನು ಕೆಳಗೆ ಬಿಟ್ಟು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ತುದಿಯ ಪಕ್ಕಕ್ಕೆ ಚುಚ್ಚಿದರೆ ಹಿಂಡದೆ ಹನಿ ಬರುತ್ತದೆ, ನೋವೂ ಕಡಿಮೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಮಳೆಗಾಲದ ತೇವಕ್ಕೆ ಸ್ಟ್ರಿಪ್‌ಗಳು ಕೆಡುತ್ತವೆ. ರಕ್ತಹೀನತೆ ತೀವ್ರವಾಗಿದ್ದರೆ ಅನೇಕ ಮೀಟರುಗಳು ನಿಜಕ್ಕಿಂತ ಹೆಚ್ಚು ತೋರಿಸುತ್ತವೆ.

ಎಲ್ಲವೂ ಸರಿಯಿದ್ದರೂ ಮೀಟರಿಗೆ ತನ್ನದೇ ಮಿತಿ ಇದೆ. ಅಂತರರಾಷ್ಟ್ರೀಯ ಮಾನದಂಡದಂತೆ 100ರ ಮೇಲಿನ ಅಂಕಿಗೆ ಶೇ 15ರವರೆಗೆ ಆಚೀಚೆ ಒಪ್ಪಿಗೆ ಇದೆ. ಪ್ರಯೋಗಾಲಯದಲ್ಲಿ 160 ಇದ್ದದ್ದು ಮನೆಯಲ್ಲಿ 136 ಅಥವಾ 184 ಬಂದರೂ ಮೀಟರ್ ಕೆಟ್ಟಿಲ್ಲ. ಆದ್ದರಿಂದ ಎರಡು ತಟ್ಟೆಗಳ ನಡುವೆ ಹತ್ತು ಹನ್ನೆರಡು ಅಂಕಿಯ ವ್ಯತ್ಯಾಸಕ್ಕೆ ಅರ್ಥ ಹಚ್ಚಬೇಡಿ. ಎರಡೂ ಸುತ್ತಿನಲ್ಲಿ ಒಂದೇ ದಿಕ್ಕಿನಲ್ಲಿ 30ರಷ್ಟು ಬಂದರೆ ಅದು ಗಮನಿಸಬೇಕಾದದ್ದು. ಪರೀಕ್ಷೆ ಮುಗಿಯುವವರೆಗೆ ಒಂದೇ ಮೀಟರ್, ಒಂದೇ ಡಬ್ಬಿಯ ಸ್ಟ್ರಿಪ್ ಬಳಸಿ.

ತೆಂಗಿನೆಣ್ಣೆ ಹಾಕಿ ತಣಿಸಿದ ಅನ್ನ

2015ರ ಮಾರ್ಚ್‌ನಲ್ಲಿ ಶ್ರೀಲಂಕಾದ ಸುಧೈರ್ ಜೇಮ್ಸ್ ಮತ್ತು ಪುಷ್ಪರಾಜ ತವರಾಜ ಡೆನ್ವರ್‌ನಲ್ಲಿ ನಡೆದ ಅಮೆರಿಕನ್ ಕೆಮಿಕಲ್ ಸೊಸೈಟಿ ಸಭೆಯಲ್ಲಿ ಒಂದು ವಿಧಾನ ಮಂಡಿಸಿದರು. ಕುದಿಯುವ ನೀರಿಗೆ ಒಂದು ಟೀ ಚಮಚ ತೆಂಗಿನೆಣ್ಣೆ, ಅರ್ಧ ಕಪ್ ಅಕ್ಕಿ, 40 ನಿಮಿಷ ಸಣ್ಣ ಉರಿ, ಆಮೇಲೆ ಫ್ರಿಜ್ಜಿನಲ್ಲಿ 12 ಗಂಟೆ. ಪಿಷ್ಟದ ಅಮೈಲೋಸ್ ಎಂಬ ಭಾಗ ಎಣ್ಣೆಯ ಜೊತೆ ಹೆಣೆದುಕೊಳ್ಳುತ್ತದೆ, ತಣ್ಣಗಾದಾಗ ಇನ್ನಷ್ಟು ಬಿಗಿಯುತ್ತದೆ, ಕಿಣ್ವಕ್ಕೆ ಬಗ್ಗದ ಪಿಷ್ಟ ಹೆಚ್ಚುತ್ತದೆ. ಅವರು ಆಗ ಅಳೆದದ್ದು ಅನ್ನವನ್ನು, ಉಂಡವರ ರಕ್ತವನ್ನಲ್ಲ. ಸುದ್ದಿ ಮಾತ್ರ ‘ಅನ್ನದ ಕ್ಯಾಲರಿ ಅರ್ಧ’ ಎಂದು ಹಬ್ಬಿತು. ಅಂದಿನ ಮಟ್ಟಿಗೆ ಅವರು ಸಾಧ್ಯವೆಂದದ್ದು ಶೇ 10–12ರಷ್ಟು ಇಳಿಕೆ, ಉಳಿದದ್ದು ಒಳ್ಳೆಯ ತಳಿ ಸಿಕ್ಕರೆ ಆದೀತು ಎಂಬ ನಿರೀಕ್ಷೆ.

ಇಷ್ಟವಿದ್ದರೆ ಇದನ್ನು ಐದನೆಯ ತಟ್ಟೆಯಾಗಿ ಅಳೆದು ನೋಡಿ, ಅನ್ನ ಅದೇ 180 ಗ್ರಾಂ. ಆದರೆ ಬೆಂದ ಅನ್ನವನ್ನು ರಾತ್ರಿಯಿಡೀ ಅಡುಗೆಮನೆ ಕಟ್ಟೆಯ ಮೇಲೆ ಬಿಡಬೇಡಿ. ಅಕ್ಕಿಯಲ್ಲಿ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯುವ ಬಿಸಿಯನ್ನೂ ತಾಳಿ ಉಳಿದು, ಉಗುರುಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಕಕ್ಕುತ್ತವೆ, ಮತ್ತೆ ಬಿಸಿಮಾಡಿದರೂ ಆ ವಿಷ ಹೋಗದು. ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಒಂದು ಗಂಟೆಯೊಳಗೆ ಫ್ರಿಜ್ಜಿಗಿಟ್ಟು, ಮರುದಿನವೇ ಹಬೆಯಾಡುವಷ್ಟು ಬಿಸಿಮಾಡಿ ತಿನ್ನಿ.

ಅಳೆದ ಮೇಲೆ ಅಡುಗೆಯಲ್ಲಿ ಏನು ಬದಲಿಸುವುದು

ನಾಲ್ಕನೆಯ ತಟ್ಟೆಯ ಒಟ್ಟು ಏರಿಕೆಯೇ ಎಲ್ಲಕ್ಕಿಂತ ಕಡಿಮೆ ಬರುವುದು ಹೆಚ್ಚು. ಅಲ್ಲಿ ಅನ್ನ ಮೂರನೆಯ ಒಂದು ಪಾಲು ಕಡಿಮೆ. ಬೇಳೆಯಲ್ಲೂ 14 ಗ್ರಾಂ ಕಾರ್ಬೋಹೈಡ್ರೇಟ್ ಇದೆ ನಿಜ, ಆದರೆ ಬೇಳೆಯ ಪಿಷ್ಟ ಜೀವಕೋಶದ ಗೋಡೆಯೊಳಗೆ ಕೂತಿರುವುದರಿಂದ ನಿಧಾನ, ಜೊತೆಗೆ 5 ಗ್ರಾಂ ಪ್ರೋಟೀನ್. ತರಕಾರಿ, ಬೇಳೆ ಮೊದಲು, ಅನ್ನ ಆಮೇಲೆ ಎಂಬ ಕ್ರಮದಿಂದ ತುಪ್ಪ ಕೊಡುವ ನಿಧಾನವೇ ತುಪ್ಪದ ಭಾರವಿಲ್ಲದೆ ಸಿಗುತ್ತದೆ.

ಆ ಭಾರ ಸಣ್ಣದಲ್ಲ. ಒಂದು ಟೀ ಚಮಚ ತುಪ್ಪ 45 ಕ್ಯಾಲರಿ, ಇಪ್ಪತ್ತು ಗ್ರಾಂ ಎಂದರೆ 180, ಅದು 140 ಗ್ರಾಂ ಅನ್ನದಷ್ಟು. ದಿನಾ ಹೀಗೆ ಸೇರಿದ್ದು ಹೊಟ್ಟೆಯ ಸುತ್ತ, ಪಿತ್ತಜನಕಾಂಗದೊಳಗೆ ಕೊಬ್ಬಾಗಿ ಕೂತು ಇನ್ಸುಲಿನ್ ಪ್ರತಿರೋಧವನ್ನೇ ಬೆಳೆಸುತ್ತದೆ. ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು, ತೆಂಗಿನೆಣ್ಣೆಯಲ್ಲಿ ಶೇ 90ರಷ್ಟು ಸ್ಯಾಚುರೇಟೆಡ್ ಕೊಬ್ಬು. ಡಯಾಬಿಟಿಸ್ ಇರುವವರಿಗೆ ಹೃದಯದ ಭಯ ಮೊದಲೇ ಹೆಚ್ಚು. ರುಚಿಗೆ, ಪರಿಮಳಕ್ಕೆ ಒಂದು ಚಮಚ ತುಪ್ಪ ಹಾಕಿಕೊಳ್ಳಿ, ಸಂತೋಷವಾಗಿ ಉಣ್ಣಿ. ಅದನ್ನು ಔಷಧ ಎಂದು ಭಾವಿಸಿ ನಾಲ್ಕು ಚಮಚ ಸುರಿಯಬೇಡಿ. ಒಗ್ಗರಣೆಗೆ ಬಾಟಲಿಯಿಂದ ಬಗ್ಗಿಸುವ ಬದಲು ಚಮಚದಲ್ಲಿ ಅಳೆಯಿರಿ. ಮನೆಯ ಎಣ್ಣೆ ಖರ್ಚು ತಿಂಗಳಿಗೆ ತಲೆಗೆ ಅರ್ಧ ಲೀಟರ್ ಎಂದರೆ ದಿನಕ್ಕೆ 15 ಗ್ರಾಂ ಬೀಳುತ್ತದೆ. ಊಟವಾದ ಮೇಲೆ 10–15 ನಿಮಿಷ ನಡೆಯುವುದು ತುದಿಯನ್ನು ಇಳಿಸುತ್ತದೆ, ಅದರಿಂದ ತುಪ್ಪದಂತೆ ಕ್ಯಾಲರಿಯೂ ಸೇರುವುದಿಲ್ಲ.

ಹೋಟೆಲಿನ ಊಟಕ್ಕೆ ನಾಲ್ಕು ಗಂಟೆ ಸಾಲದು. ದಾವಣಗೆರೆ ಬೆಣ್ಣೆದೋಸೆಯ ಹಿಟ್ಟಿನಲ್ಲಿ ಅಕ್ಕಿಯ ಜೊತೆ ಮಂಡಕ್ಕಿಯೂ ಇರುತ್ತದೆ, ಪಕ್ಕದಲ್ಲಿ ಆಲೂಗೆಡ್ಡೆ ಪಲ್ಯ, ಮೇಲೆ ಧಾರಾಳ ಬೆಣ್ಣೆ: ಬೇಗ ಏರಿಸುವ ಪಿಷ್ಟವೂ ತಡಮಾಡುವ ಜಿಡ್ಡೂ ಒಟ್ಟಿಗೆ. ಬಿರಿಯಾನಿ, ಪೂರಿ–ಸಾಗು, ಎಣ್ಣೆಯಲ್ಲಿ ಕರಿದ ಬೋಂಡಾ ಕೂಡ ಇದೇ ಜಾತಿ. ಇಂಥದ್ದನ್ನು ತಿಂದ ದಿನ 2 ಗಂಟೆಗೆ ಒಮ್ಮೆ, 5 ಗಂಟೆಗೆ ಒಮ್ಮೆ ಅಳೆಯಿರಿ. ರಾತ್ರಿ ಒಂಬತ್ತಕ್ಕೆ ತಿಂದಿದ್ದರೆ ಮರುದಿನ ಬೆಳಗಿನ ಖಾಲಿ ಹೊಟ್ಟೆಯ ಅಂಕಿಯನ್ನೂ ಬರೆದಿಡಿ. ‘ರಾತ್ರಿ ಏನೂ ಸಿಹಿ ತಿನ್ನಲಿಲ್ಲ, ಬೆಳಗ್ಗೆ ಯಾಕೆ ಹೆಚ್ಚಿದೆ’ ಎಂಬ ಪ್ರಶ್ನೆಗೆ ಉತ್ತರ ಬಹಳ ಸಲ ಹಿಂದಿನ ರಾತ್ರಿಯ ಎಣ್ಣೆಯಲ್ಲಿರುತ್ತದೆ. ಅಂಥ ಊಟವನ್ನು ಮಧ್ಯಾಹ್ನಕ್ಕೆ ತಂದು, ದೋಸೆ ಒಂದಕ್ಕೆ ನಿಲ್ಲಿಸಿ, ಪಲ್ಯದ ಬದಲು ಚಟ್ನಿ ಜೊತೆ ತಿಂದು ಅದೇ ಹೊತ್ತುಗಳಲ್ಲಿ ಇನ್ನೊಮ್ಮೆ ಅಳೆಯಿರಿ. ಎರಡೂ ದಿನದ ಅಂಕಿ ಬರೆದ ಹಾಳೆಯನ್ನು ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಜೊತೆಗೆ ಒಯ್ಯಿರಿ, ಮಾತ್ರೆಯ ಹೊತ್ತನ್ನು ಬದಲಿಸಬೇಕೇ ಎಂದು ಅವರು ಅದನ್ನು ನೋಡಿಯೇ ಹೇಳಬಲ್ಲರು.